ಶಬ್ದ ಸಹಿಸಲಾಗದ ಕಿವಿ, ನೋಯುವ ಮನಸ್ಸು: ಎರಡನ್ನೂ ಇಟ್ಟುಕೊಂಡು ಮನೆ ನಡೆಸುವ ಬಗೆ

ನನಗೆ ಬೈಪೋಲಾರ್ ಕಾಯಿಲೆ ಇದೆ, ಅಂದರೆ ಮನಸ್ಸು ಕೆಲವು ಕಾಲ ಉನ್ಮಾದಕ್ಕೆ ಏರುತ್ತದೆ, ಕೆಲವು ಕಾಲ ಖಿನ್ನತೆಗೆ ಇಳಿಯುತ್ತದೆ. ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ, ಮೈಸೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ಗಂಡ, ಅತ್ತೆ ಮತ್ತು ಹೈಸ್ಕೂಲು ಓದುತ್ತಿರುವ ಮಗಳೊಂದಿಗೆ ಬಾಡಿಗೆ ಮನೆಯ ಕೆಳ ಅಂತಸ್ತಿನಲ್ಲಿದ್ದೇನೆ. ಬೇರೆಯವರ ಗಮನಕ್ಕೇ ಬಾರದ ಸದ್ದುಗಳು ನನ್ನನ್ನು ಮೈಯೆಲ್ಲ ನಡುಗಿಸುತ್ತವೆ. ಕುಕ್ಕರಿನ ಸೀಟಿ, ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದದ್ದು, ಮೇಲಿನ ಮನೆಯವರು ಕುರ್ಚಿ ಎಳೆದದ್ದು, ಕಾರನ್ನು ಹಿಂದಕ್ಕೆ ತೆಗೆಯುವಾಗ ಬರುವ ಟ್ಯೂನು, ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಯಂತ್ರ. ಎದೆ ಹೊಡೆದುಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ಕೆಲವೊಮ್ಮೆ ಅಳು ಬರುತ್ತದೆ, ಕೆಲವೊಮ್ಮೆ ಕೂಗಾಡುವಷ್ಟು ಸಿಟ್ಟು.

ಇದೇ ಪಾಡು ಪಡುತ್ತಿರುವವರಿಗೆ ಮತ್ತು ಅವರ ಮನೆಯವರಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಇಲ್ಲಿರುವುದು ವೈದ್ಯರು ಮತ್ತು ಶ್ರವಣತಜ್ಞರು ಹೇಳಿಕೊಟ್ಟದ್ದು, ಓದಿ ತಿಳಿದದ್ದು, ಮನೆಯಲ್ಲಿ ಮಾಡಿ ನೋಡಿ ಉಳಿಸಿಕೊಂಡದ್ದು. ಎಲ್ಲಕ್ಕೂ ಬುಡದಲ್ಲಿರುವ ಮಾತು ಒಂದೇ: ಸದ್ದೇ ಇಲ್ಲದ ಮನೆಯನ್ನು ಹುಡುಕುತ್ತಾ ಹೋಗಬೇಡಿ. ಯಾವ ಸದ್ದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಮೊದಲೇ ತಿಳಿಯುವಂತೆ ಮನೆಯನ್ನು ಹೊಂದಿಸಿಕೊಳ್ಳಿ. ಜೊತೆಗೆ, ಕಿವಿ ಎಂದಿಗಿಂತ ಹೆಚ್ಚು ನೋಯತೊಡಗಿದರೆ ಅದನ್ನು ಕಾಯಿಲೆಯ ಸುಳಿವೆಂದು ಓದಲು ಕಲಿಯಿರಿ.

ಮೊದಲು ಕಿವಿ ತೋರಿಸಿ

ಮಾನಸಿಕ ಕಾಯಿಲೆ ಇರುವವರು ಕಿವಿಯ ತೊಂದರೆ ಹೇಳಿಕೊಂಡರೆ "ಎಲ್ಲಾ ನಿಮ್ಮ ಮನಸ್ಸಿನದು" ಎಂದು ಕಳುಹಿಸಿಬಿಡುವವರಿದ್ದಾರೆ. ಒಂದು ಕ್ಲಿನಿಕ್ಕಿನಲ್ಲಿ ನನಗೂ ಹಾಗೆಯೇ ಆಯಿತು. ದಯವಿಟ್ಟು ಅಲ್ಲಿಗೇ ಬಿಡಬೇಡಿ. ಶಬ್ದ ಸಹಿಸಲಾಗದಿರುವುದಕ್ಕೆ ದೇಹದ ಕಾರಣಗಳೂ ಇರುತ್ತವೆ. ಮೈಗ್ರೇನ್ ಇರುವವರಿಗೆ ತಲೆನೋವಿನ ಹೊತ್ತಿನಲ್ಲಿ ಸದ್ದು ಆಗಿಬರುವುದಿಲ್ಲ. ತಲೆಗೆ ಪೆಟ್ಟಾದ ಮೇಲೆ ಶುರುವಾಗುವುದುಂಟು. ಮುಖ ಸೊಟ್ಟಗಾಗುವ ಬೆಲ್ಸ್ ಪಾಲ್ಸಿಯಲ್ಲಿ ಮುಖದ ನರ ದುರ್ಬಲವಾಗಿ, ಮಧ್ಯಕಿವಿಯಲ್ಲಿರುವ ಸ್ಟೇಪಿಡಿಯಸ್ ಎಂಬ ಪುಟ್ಟ ಸ್ನಾಯು ಸರಿಯಾಗಿ ಕೆಲಸ ಮಾಡುವುದಿಲ್ಲ. ಜೋರು ಸದ್ದು ಬಂದಾಗ ಬಿಗಿದುಕೊಂಡು ಅದನ್ನು ತಗ್ಗಿಸಿ ಒಳಗೆ ಬಿಡುವುದು ಆ ಸ್ನಾಯುವಿನ ಕೆಲಸ. ಆತಂಕಕ್ಕೆ, ನಿದ್ರೆಗೆ ಕೊಡುವ ಕ್ಲೋನಾಜೆಪಾಮ್, ಲೊರಾಜೆಪಾಮ್‌ನಂತಹ ಮಾತ್ರೆಗಳನ್ನು ಬಹುಕಾಲ ನುಂಗಿ ಒಮ್ಮೆಲೇ ಬಿಟ್ಟವರಿಗೂ ಸದ್ದು ಚುಚ್ಚತೊಡಗುತ್ತದೆ. ಅಂಥವನ್ನು ಬಿಡಬೇಕೆಂದರೆ ವೈದ್ಯರು ಹೇಳಿದ ಹಾಗೆ ಹಂತಹಂತವಾಗಿಯೇ ಬಿಡಬೇಕು.

ಹಾಗಾಗಿ ಮೊದಲು ಇಎನ್‌ಟಿ ವೈದ್ಯರು, ಅಲ್ಲಿಂದ ಶ್ರವಣತಜ್ಞರು. ಮೈಸೂರಿನವರಿಗೆ ಒಂದು ಭಾಗ್ಯವಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿಯೇ ಇದೆ. ಊರಿನವರ ಬಾಯಲ್ಲಿ ಅದು 'ಸ್ಪೀಚ್ ಅಂಡ್ ಹಿಯರಿಂಗ್'. ಬೇರೆ ಜಿಲ್ಲೆಯವರು ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಬಹುದು.

ಪರೀಕ್ಷೆಗೆ ಕೂರುವ ಮೊದಲೇ ಹೇಳಿಬಿಡಿ: "ನನಗೆ ಜೋರು ಸದ್ದು ತಡೆಯುವುದಿಲ್ಲ. ತೀರಾ ಮೆಲ್ಲಗೆ ಶುರು ಮಾಡಿ, ಹೆಚ್ಚಿಸುವ ಮುನ್ನ ತಿಳಿಸಿ." ಸಾಮಾನ್ಯ ಶ್ರವಣ ಪರೀಕ್ಷೆಯಲ್ಲಿ ಕೇಳಿಸಿಯೂ ಕೇಳಿಸದಂತಹ ಸಣ್ಣ ಸದ್ದುಗಳನ್ನು ಹಾಕುತ್ತಾರೆ. ಅದು ಕಷ್ಟವಲ್ಲ. ಯಾವ ಮಟ್ಟದಲ್ಲಿ ಸದ್ದು ಅಸಹನೀಯವಾಗುತ್ತದೆ ಎಂದು ಅಳೆಯುವ ಪರೀಕ್ಷೆ ಇನ್ನೊಂದಿದೆ. ಮಧ್ಯಕಿವಿಯ ಸ್ನಾಯುವಿನ ಪ್ರತಿಕ್ರಿಯೆ ನೋಡಲು ಜೋರು ಸದ್ದು ಹಾಕುವ ಪರೀಕ್ಷೆಯೂ ಇದೆ. ಇವೆರಡರಲ್ಲಿ ನಮ್ಮಂಥವರು ಬೆಚ್ಚುತ್ತೇವೆ. ಕೈ ಎತ್ತಿದರೆ ನಿಲ್ಲಿಸಬೇಕೆಂದು ಮೊದಲೇ ಒಪ್ಪಿಸಿಕೊಳ್ಳಿ. ಎಂಆರ್‌ಐ ಬರೆದುಕೊಟ್ಟರೆ ಅಲ್ಲಿಯೂ ಹಾಗೆಯೇ. ಆ ಯಂತ್ರದ ಸದ್ದು 100 ಡೆಸಿಬಲ್ ದಾಟುವುದುಂಟು, ಕಿವಿಗೆ ರಕ್ಷಣೆ ಕೊಡಿ ಎಂದು ಕೇಳಿ ಪಡೆಯಿರಿ.

ವೈದ್ಯರು ಬಳಸುವ ಹೆಸರುಗಳು ಮೂರು. ಎಲ್ಲ ಬಗೆಯ ಸದ್ದೂ ಇರುವುದಕ್ಕಿಂತ ಜೋರಾಗಿ, ನೋವಾಗುವಂತೆ ಕೇಳಿಸಿದರೆ ಹೈಪರ್‌ಅಕ್ಯೂಸಿಸ್. ಮೆಲ್ಲಗಿದ್ದರೂ ಸರಿಯೇ, ಅಗಿಯುವುದು, ಸೊರಸೊರ ಕುಡಿಯುವುದು, ಪೆನ್ನು ಟಿಕ್ ಟಿಕ್ ಮಾಡುವುದು ಮುಂತಾದ ಕೆಲವೇ ಸದ್ದುಗಳಿಗೆ ಸಿಟ್ಟು, ಹೇಸಿಗೆ ಉಕ್ಕಿದರೆ ಮಿಸೋಫೋನಿಯಾ. ಈ ಹೆಸರು ಹುಟ್ಟಿದ್ದೇ 2001ರಲ್ಲಿ; ತಜ್ಞರೆಲ್ಲ ಕುಳಿತು ಒಪ್ಪಿತ ವ್ಯಾಖ್ಯೆ ಬರೆದದ್ದು 2022ರಲ್ಲಿ. ಹಾಗಾಗಿ ನಿಮ್ಮೂರಿನ ವೈದ್ಯರು ಅದನ್ನು ಕೇಳಿರದಿದ್ದರೆ ಬೇಸರಪಡಬೇಡಿ, ವಿವರಿಸಿ ಹೇಳಿ. ಸದ್ದು ಬರುವ ಮೊದಲೇ ಅದರ ಭಯ ಹಿಡಿದುಕೊಳ್ಳುವುದು ಫೋನೋಫೋಬಿಯಾ. ಒಬ್ಬರಲ್ಲಿಯೇ ಮೂರೂ ಬೆರೆತಿರಬಹುದು. ನನಗೆ ಮೊದಲನೆಯದೂ ಕೊನೆಯದೂ ಇವೆ.

ಇದರ ಜೊತೆಗೆ ಆತಂಕ, ಖಿನ್ನತೆ, ಉನ್ಮಾದ, ಆಘಾತದ ನೆನಪು, ಆಟಿಸಂ, ಸ್ಕಿಜೋಫ್ರೇನಿಯಾ ಯಾವುದಿದ್ದರೂ ಸದ್ದು ಇನ್ನಷ್ಟು ಚೂಪಾಗಬಹುದು. ಸದಾ ಅಪಾಯವನ್ನೇ ಕಾಯುತ್ತಿರುವ ಮಿದುಳು ಬೇಡದ ಸದ್ದನ್ನು ಸೋಸಿ ಬದಿಗಿಡುವುದಿಲ್ಲ, ಎಲ್ಲವನ್ನೂ ಒಳಗೆ ಬಿಡುತ್ತದೆ. ಆದ್ದರಿಂದ ಕಿವಿಯ ವರದಿಯನ್ನು ಮನೋವೈದ್ಯರಿಗೂ, ಮನೋವೈದ್ಯರ ಚೀಟಿಯನ್ನು ಕಿವಿಯ ವೈದ್ಯರಿಗೂ ತೋರಿಸಿ. ನನ್ನ ಬಳಿ ಎರಡೂ ಒಂದೇ ಫೈಲಿನಲ್ಲಿರುತ್ತವೆ.

ಇಲ್ಲದ ದನಿಗಳು ಕೇಳಿಸುವುದು ಬೇರೆಯೇ ವಿಷಯ. ಯಾರೂ ಇಲ್ಲದಾಗ ಮಾತು ಕೇಳಿದರೆ, ಫ್ಯಾನಿನ ಸದ್ದಿನೊಳಗಿಂದ ನಿಮ್ಮನ್ನು ಬೈದಂತೆ ಕೇಳಿಸಿದರೆ ನಾಚಿಕೆಪಡದೆ ಮನೋವೈದ್ಯರಿಗೆ ತಿಳಿಸಿ. ಅದಕ್ಕೆ ಔಷಧವಿದೆ.

ಕಿವಿಗೆ ಬಿರಡೆ: ಎಷ್ಟು, ಯಾವಾಗ

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು. ಔಷಧದ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಫೋಮ್ ಇಯರ್‌ಪ್ಲಗ್‌ಗಳು ಅಗ್ಗ, ಸರಿಯಾಗಿ ಹಾಕಿದರೆ ಒಳ್ಳೆಯ ರಕ್ಷಣೆಯನ್ನೂ ಕೊಡುತ್ತವೆ. ಹಾಕುವ ಕ್ರಮ ಹೀಗೆ: ಕೈ ತೊಳೆದುಕೊಂಡು ಬಿರಡೆಯನ್ನು ಬೆರಳುಗಳ ನಡುವೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಬಿರಡೆಯನ್ನು ಒಳಗಿಡಿ. ಅದು ಉಬ್ಬಿ ಕೂರುವವರೆಗೆ, ಸುಮಾರು ಅರ್ಧ ನಿಮಿಷ, ಬೆರಳಿನಿಂದ ಒತ್ತಿ ಹಿಡಿಯಿರಿ. ಹತ್ತಿಯ ಉಂಡೆ ತುರುಕಿದರೆ ಹೆಚ್ಚೇನೂ ಪ್ರಯೋಜನವಿಲ್ಲ.

ದಿನವಿಡೀ ಹಾಕಿಕೊಂಡಿರುವುದು ಮಾತ್ರ ಬೇಡ. ಈ ಸಲಹೆಯನ್ನು ಯಾರಾದರೂ ಎಷ್ಟು ಬೇಗ ಹೇಳಿದರೂ ಒಳ್ಳೆಯದೇ. ಒಳಬರುವ ಸದ್ದು ಕಡಿಮೆಯಾದಾಗ ಮಿದುಳು ತನ್ನ ಕಡೆಯಿಂದ ಅದನ್ನು ಹಿಗ್ಗಿಸಿ ಕೇಳಿಸಿಕೊಳ್ಳಲು ಶುರು ಮಾಡುತ್ತದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ಎರಡು ವಾರ ಕಿವಿಯ ಬಿರಡೆ ಹಾಕಿಸಿ ನೋಡಿದರು. ಅವರ ಕಿವಿ ಮೊದಲಿಗಿಂತ ಸೂಕ್ಷ್ಮವಾಗಿತ್ತು. ಅದೇ ಅವಧಿಯಲ್ಲಿ ಸಣ್ಣಗೆ ಸುಯ್ ಎನ್ನುವ ಸದ್ದನ್ನು ಕಿವಿಯಲ್ಲಿ ಕೇಳುತ್ತಿದ್ದವರ ಸಹನೆ ಹೆಚ್ಚಿತ್ತು. ಬಿರಡೆಯನ್ನು ನಿಜವಾದ ಜೋರು ಸದ್ದಿಗೆ ಮೀಸಲಿಡಿ: ಪಟಾಕಿ, ಕೊಳವೆಬಾವಿ ಕೊರೆಯುವುದು, ಗೋಡೆ ಒಡೆಯುವುದು, ಮೆರವಣಿಗೆಯ ಧ್ವನಿವರ್ಧಕ. ಅದು ಮುಗಿದ ಕೂಡಲೇ ತೆಗೆಯಿರಿ. ನನ್ನ ಚೀಲದ ಸಣ್ಣ ಜಿಪ್ಪಿನಲ್ಲಿ ಒಂದು ಜೊತೆ ಸದಾ ಇರುತ್ತದೆ. ಬಹಳ ಸಲ ಅದನ್ನು ಹಾಕುವ ಪ್ರಮೇಯವೇ ಬರುವುದಿಲ್ಲ. ಇದೆ ಎಂಬ ಧೈರ್ಯವೇ ಸಾಕಾಗುತ್ತದೆ.

ಸದ್ದು ಅಡಗಿಸುವ ಹೆಡ್‌ಫೋನುಗಳು ಬಸ್ಸಿನ ಎಂಜಿನ್, ಎಸಿಯಂತಹ ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನು ಚೆನ್ನಾಗಿ ತಗ್ಗಿಸುತ್ತವೆ. ಥಟ್ಟನೆ ಬರುವ ಸೀಟಿಗೆ, ಬೀಳುವ ಪಾತ್ರೆಗೆ ಅಷ್ಟು ಒದಗುವುದಿಲ್ಲ. ಕೊಳ್ಳುವ ಮೊದಲು ನಿಮ್ಮನ್ನು ಕಾಡುವುದು ಯಾವ ಬಗೆಯ ಸದ್ದು ಎಂದು ಯೋಚಿಸಿ.

ರಾತ್ರಿಗೆ ನನ್ನ ಉಪಾಯ ಮೆಲ್ಲಗಿನ ಹಿನ್ನೆಲೆ ಸದ್ದು. ಸೀಲಿಂಗ್ ಫ್ಯಾನ್ ಚಳಿಗಾಲದಲ್ಲಿಯೂ ಒಂದರಲ್ಲಿ ತಿರುಗುತ್ತಿರುತ್ತದೆ, ನಾವು ಹೊದಿಕೆ ಹೊದೆಯುತ್ತೇವೆ. ಕರೆಂಟು ಹೋದಾಗ ಮೊಬೈಲಿನಲ್ಲಿ ಇಳಿಸಿಕೊಂಡ ಮಳೆಯ ಸದ್ದು. ಪೂರ್ತಿ ನಿಶ್ಶಬ್ದದ ಕೋಣೆಯಲ್ಲಿ ದೂರದ ನಾಯಿ ಬೊಗಳಿದರೂ ಎದ್ದು ಕೂರುವವರು ನಾವು. ಸಮನಾದ ಸದ್ದೊಂದು ಹಾಸಿದ್ದರೆ ಆ ಬೊಗಳು ಅಷ್ಟು ಚುಚ್ಚುವುದಿಲ್ಲ. ಬೈಪೋಲಾರ್ ಇರುವವರಿಗೆ ನಿದ್ರೆ ಕೆಡುವುದು ಉನ್ಮಾದವನ್ನು ಎಬ್ಬಿಸಬಲ್ಲದು. ಆದ್ದರಿಂದ ರಾತ್ರಿಯ ಸದ್ದಿನ ವ್ಯವಸ್ಥೆಯನ್ನು ನಾನು ಔಷಧದಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಅಡುಗೆಮನೆಯಿಂದ ಶುರು ಮಾಡಿ

ಮನೆಯ ದೊಡ್ಡ ಸದ್ದುಗಳೆಲ್ಲ ಅಲ್ಲಿಯೇ ಹುಟ್ಟುವುದು. ದುಡ್ಡು ಕಡಿಮೆ, ಫಲ ಹೆಚ್ಚು.

ಕುಕ್ಕರ್: ಬೇಯುವುದು ಒತ್ತಡದಿಂದ ಮತ್ತು ಹೊತ್ತಿನಿಂದ, ಸೀಟಿಯ ಲೆಕ್ಕದಿಂದ ಬೇಯುವುದಿಲ್ಲ. ಆವಿ ಜೋರಾಗಿ ಬಂದು ವೆಯ್ಟ್ ಅಲುಗಾಡತೊಡಗಿದ ಕೂಡಲೇ ಉರಿಯನ್ನು ಪೂರ್ತಿ ಸಣ್ಣ ಮಾಡಿ, ಮೊಬೈಲಿನಲ್ಲಿ ನಿಮಿಷ ಇಟ್ಟುಕೊಳ್ಳಿ. ತೊಗರಿಬೇಳೆಯನ್ನು ಮೊದಲೇ ನೆನೆಸಿಟ್ಟರೆ ಇನ್ನೂ ಬೇಗ ಆಗುತ್ತದೆ, ಪಾತ್ರೆಯಲ್ಲಿಯೇ ಬೇಯಿಸಿದರೂ ನಡೆಯುತ್ತದೆ. ಅತ್ತೆಗೆ ಮೊದಲಿಗೆ ಇದರಲ್ಲಿ ನಂಬಿಕೆ ಬರಲಿಲ್ಲ. "ಮೂರು ಸೀಟಿ ಆಗದೆ ಬೇಳೆ ಬೇಯುತ್ತದೆಯೇನಮ್ಮ?" ಎಂದು ಕೇಳಿದರು. ಸಾರು ಉಂಡ ಮೇಲೆ ಒಪ್ಪಿದರು. ಈಗ ಗ್ಯಾಸ್ ಉಳಿಯುತ್ತದೆ ಎಂದು ಬಂದವರಿಗೆಲ್ಲ ಅವರೇ ಹೇಳಿಕೊಡುತ್ತಾರೆ.

ಮಿಕ್ಸಿ: ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಗೋಡೆಗೆ ತಾಗದಂತೆ ಇಡಿ. ಕಟ್ಟೆಯ ಕಲ್ಲು ಅದುರುವುದು ನಿಂತರೆ ಸದ್ದು ಎಷ್ಟೋ ಇಳಿಯುತ್ತದೆ. ಗಾಳಿ ಆಡಬೇಕಾದ್ದರಿಂದ ಯಂತ್ರಕ್ಕೆ ಬಟ್ಟೆ ಸುತ್ತಬೇಡಿ. ನಮ್ಮ ಮನೆಯಲ್ಲಿ ರುಬ್ಬುವುದಕ್ಕೆ ಹೊತ್ತು ಗೊತ್ತಾಗಿದೆ. ನಾನು ಸ್ನಾನಕ್ಕೆ ಹೋದಾಗ ಚಟ್ನಿ, ಸಂಜೆ ನಾನು ಮನೆಗೆ ಬರುವ ಮೊದಲು ಮಸಾಲೆ. ಹೊತ್ತು ತಪ್ಪಿ ಹಾಕಬೇಕಾದರೆ ಹಾಕುವವರು "ಮಿಕ್ಸಿ" ಎಂದು ಕೂಗಿ, ಸ್ವಲ್ಪ ತಡೆದು, ಆಮೇಲೆ ಹಾಕುತ್ತಾರೆ. ಈ ಒಂದು ಪದ ನನಗೆ ಮಾಡಿರುವ ಉಪಕಾರ ದೊಡ್ಡದು. ಸದ್ದು ಅಷ್ಟೇ ಇರುತ್ತದೆ, ಎದೆ ಮಾತ್ರ ಹಾರುವುದಿಲ್ಲ. ಅನಿರೀಕ್ಷಿತವಾಗಿ ಬಂದ ಸದ್ದಿಗೆ ಬೆಚ್ಚುವ ಮೈ, ಹೇಳಿ ಬಂದ ಸದ್ದಿಗೆ ತಯಾರಾಗಿ ನಿಲ್ಲುತ್ತದೆ.

ಪಾತ್ರೆ: ಸಿಂಕಿನ ತಳಕ್ಕೆ ಒಂದು ರಬ್ಬರ್ ಜಾಲರಿ, ತೊಳೆದ ಪಾತ್ರೆ ಬೋರಲು ಹಾಕುವ ಬುಟ್ಟಿಯ ಕೆಳಗೆ ಹಳೆಯ ಟವೆಲ್. ಕುರ್ಚಿ, ಮೇಜಿನ ಕಾಲುಗಳಿಗೆ ಫೆಲ್ಟ್ ಅಂಟಿಸಿ ಅಥವಾ ರಬ್ಬರ್ ಬುಷ್ ಹಾಕಿ. ಬಾಗಿಲಿನ ಚೌಕಟ್ಟಿಗೆ ಫೋಮ್ ಪಟ್ಟಿ. ನಾನು ಮೇಲಿನ ಮನೆಯ ಅಕ್ಕನಿಗೂ ಒಂದು ಪೊಟ್ಟಣ ಫೆಲ್ಟ್ ತುಂಡುಗಳನ್ನು ಸಂಕ್ರಾಂತಿಯ ಎಳ್ಳುಬೆಲ್ಲದ ಜೊತೆ ಕೊಟ್ಟೆ. "ಕುರ್ಚಿ ಎಳೆದರೆ ನಮಗೆ ಜೋರಾಗಿ ಕೇಳುತ್ತದೆ ಅಕ್ಕಾ, ಇದನ್ನು ಅಂಟಿಸಿಕೊಳ್ಳುತ್ತೀರಾ?" ಎಂದೆ. ಅವರಿಗೆ ಅದು ಕೆಳಗೆ ಕೇಳಿಸುತ್ತದೆ ಎಂಬುದೇ ಗೊತ್ತಿರಲಿಲ್ಲ.

ಪರದೆ ಹಾಕಿದರೆ ಬೀದಿಯ ಸದ್ದು ನಿಲ್ಲುತ್ತದೆ ಎಂದು ಬಹಳ ಮಂದಿ ಖರ್ಚು ಮಾಡುತ್ತಾರೆ. ಪರದೆ, ಜಮಖಾನೆ, ಹಾಸಿಗೆ ಇವೆಲ್ಲ ಕೋಣೆಯೊಳಗಿನ ಮಾರ್ದನಿಯನ್ನು ಕಡಿಮೆ ಮಾಡುತ್ತವೆ, ಹೊರಗಿನದನ್ನು ಅಷ್ಟಾಗಿ ತಡೆಯುವುದಿಲ್ಲ. ಹೊರಗಿನ ಸದ್ದನ್ನು ತಡೆಯುವುದು ಭಾರ ಮತ್ತು ಸಂದಿಲ್ಲದ ಮುಚ್ಚಿಗೆ. ಬಾಗಿಲಿನ ಕೆಳಗಿನ ಸಂದು, ಕಿಟಕಿಯ ಅಂಚುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿ. ಪಕ್ಕದ ಮನೆಗೆ ಅಂಟಿದ ಗೋಡೆಗೆ ತುಂಬಿದ ಬೀರು ಅಥವಾ ಪುಸ್ತಕದ ಕಪಾಟನ್ನು ಸರಿಸಿ, ಮಂಚವನ್ನು ಅಲ್ಲಿಂದ ಈಚೆಗೆ ತನ್ನಿ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯದೆ ಮಾಡಬಹುದಾದದ್ದು ಇಷ್ಟು.

ಪುಸ್ತಕದಲ್ಲಿ ಬರೆದಿಡಿ

ಇಡೀ ಬರಹದಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆಯಿರಿ: ಹೊತ್ತು, ಸದ್ದು, ಅದು ಎಷ್ಟು ಕಾಡಿತು (ಸೊನ್ನೆಯಿಂದ ಹತ್ತು), ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ರೆ. ಕೆಲವು ವಾರ ಬರೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅದೇ ಕಸದ ಗಾಡಿಯ ಹಾಡು, ಅದೇ ಹೊತ್ತು. ಒಂದು ದಿನ ಎರಡು, ಇನ್ನೊಂದು ದಿನ ಒಂಬತ್ತು. ಬದಲಾದದ್ದು ಗಾಡಿಯಲ್ಲ.

ನನ್ನ ಪುಸ್ತಕ ನನಗೆ ತಿಳಿಸಿಕೊಟ್ಟದ್ದು ಇದು. ಮನಸ್ಸು ಮೇಲೇರತೊಡಗಿದಾಗ ಉಳಿದ ಯಾವ ಲಕ್ಷಣವೂ ಕಾಣಿಸುವ ಮೊದಲೇ ಸದ್ದುಗಳು ಚೂಪಾಗುತ್ತವೆ. ನಿದ್ರೆ ಕಡಿಮೆಯಾಗುತ್ತದೆ, ಮಾತು ಹೆಚ್ಚಾಗುತ್ತದೆ ಎಂಬುದು ಮನೆಯವರಿಗೆ ಕಾಣುವ ಹೊತ್ತಿಗೆ ನನ್ನ ಅಂಕಣದಲ್ಲಿ ಏಳು, ಎಂಟುಗಳು ಸಾಲಾಗಿ ನಿಂತಿರುತ್ತವೆ. ಖಿನ್ನತೆಯಲ್ಲಿ ಬೇರೆ ರೀತಿ. ಸದ್ದು ಚುಚ್ಚುವುದಕ್ಕಿಂತ ಮೇಲೆ ಬಿದ್ದು ಅದುಮುತ್ತದೆ, ಟಿವಿ ಆರಿಸಲು ಏಳುವ ಶಕ್ತಿಯೂ ಇರುವುದಿಲ್ಲ. ನಿಮ್ಮ ಗುರುತುಗಳು ಬೇರೆ ಇರಬಹುದು. ಅವನ್ನು ಪತ್ತೆ ಮಾಡಲು ಬರೆಯುವುದೊಂದೇ ದಾರಿ. ಮನೋವೈದ್ಯರ ಬಳಿ ಹೋಗುವಾಗ ಆ ಪುಟಗಳನ್ನು ಕೊಂಡೊಯ್ಯಿರಿ. ಐದು ನಿಮಿಷದ ಭೇಟಿಯಲ್ಲಿ ನೂರು ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಇನ್ನೊಂದು ಸುಳಿವು ಅಂಕಿಗಳಲ್ಲಿ ಇರುವುದಿಲ್ಲ. ಅದನ್ನು ಎಚ್ಚರದಿಂದ ಓದಿಕೊಳ್ಳಿ. "ಅವರು ಬೇಕೆಂದೇ ಮಾಡುತ್ತಿದ್ದಾರೆ" ಎಂಬ ಆಲೋಚನೆ. ನಾನು ಮಲಗಿದೆನೆಂದು ತಿಳಿದೇ ಕುರ್ಚಿ ಎಳೆದರು, ನನ್ನ ಕಿಟಕಿಯ ಮುಂದೆಯೇ ಹಾರ್ನ್ ಹೊಡೆದರು, ನನ್ನನ್ನು ಓಡಿಸುವುದಕ್ಕೆಂದೇ ಪಾತ್ರೆ ಬಡಿಯುತ್ತಿದ್ದಾರೆ. ದಣಿದ ಯಾರಿಗಾದರೂ ಒಂದು ಕ್ಷಣ ಹೀಗೆ ಅನ್ನಿಸಬಹುದು. ಆದರೆ ಅದು ಖಚಿತವಾಗಿ, ದಿನಗಟ್ಟಲೆ ನಿಂತರೆ, ಸಾಕ್ಷಿ ಕೂಡಿಹಾಕಲು ಮನಸ್ಸು ಹೊರಟರೆ, ಆಗ ಫೋನು ಮಾಡಬೇಕಾದದ್ದು ವೈದ್ಯರಿಗೆ. ನೆರೆಯವರ ಬಾಗಿಲು ಬಡಿಯುವುದು ಆಮೇಲಿನ ಮಾತು. ನಾನೂ ನನ್ನ ಗಂಡನೂ ನಾನು ಚೆನ್ನಾಗಿದ್ದಾಗಲೇ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ನನಗೆ ಹಾಗೆ ಅನ್ನಿಸಿದರೆ "ರೀ, ಇದು ನಿಮಗೂ ಬೇಕೆಂದೇ ಮಾಡಿದ ಹಾಗೆ ಕೇಳಿಸುತ್ತಿದೆಯೇ?" ಎಂದು ಕೇಳುತ್ತೇನೆ. ಅವರು ಇಲ್ಲ ಎಂದರೆ ನನಗೆ ಎಷ್ಟೇ ಖಾತ್ರಿಯಿದ್ದರೂ ಆ ದಿನ ಯಾರೊಂದಿಗೂ ಜಗಳಕ್ಕೆ ಹೋಗುವುದಿಲ್ಲ, ವೈದ್ಯರ ಅಪಾಯಿಂಟ್‌ಮೆಂಟ್ ಮುಂದೂಡುವುದಿಲ್ಲ. ಅವರೂ ಸುಮ್ಮನೆ ಸಮಾಧಾನಕ್ಕೆ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವಾಗ ನಗುವುದಿಲ್ಲ.

ಲಿಥಿಯಂ ತೆಗೆದುಕೊಳ್ಳುವವರಿಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ಸದ್ದಿನಿಂದ ತಲೆನೋವು ಬಂದಾಗ ಕೈಗೆ ಸಿಕ್ಕ ನೋವಿನ ಮಾತ್ರೆ ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ರಕ್ತದಲ್ಲಿ ಲಿಥಿಯಂ ಮಟ್ಟವನ್ನು ಅಪಾಯದ ಕಡೆಗೆ ಏರಿಸಬಲ್ಲವು. ಯಾವುದನ್ನು ತೆಗೆದುಕೊಳ್ಳಬಹುದು ಎಂದು ನಿಮ್ಮ ವೈದ್ಯರಲ್ಲಿ ಕೇಳಿ, ಬರೆಸಿ, ಔಷಧದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿ. ನೀರು ಚೆನ್ನಾಗಿ ಕುಡಿಯಿರಿ.

ಸದ್ದಿಗೆ ಸ್ವಲ್ಪ ಸ್ವಲ್ಪವಾಗಿ ಒಗ್ಗುವುದು

ದಸರೆಗೆ ಮುನ್ನ ನಮ್ಮೂರಿನಲ್ಲಿ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ನಡೆಯುತ್ತದೆ. ಜಂಬೂಸವಾರಿಯ ದಿನ 21 ಸುತ್ತು ಸಿಡಿಯುವಾಗ ಅವು ಬೆದರಬಾರದೆಂದು ಮೊದಲೇ ಹಲವು ಬಾರಿ ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಮಾವುತ ಪಕ್ಕದಲ್ಲಿಯೇ ಇರುತ್ತಾನೆ, ಹೊಸ ಆನೆಯ ಜೊತೆಗೆ ಅನುಭವಿ ಆನೆಗಳಿರುತ್ತವೆ. ಚಿಕಿತ್ಸಕರು ನನಗೆ ಹೇಳಿಕೊಟ್ಟ ಅಭ್ಯಾಸದ ತತ್ವವೂ ಇದೇ: ಸದ್ದು ಬರುವುದು ಗೊತ್ತಿರಬೇಕು, ಜೊತೆಗೆ ನಂಬುವವರಿರಬೇಕು, ಮತ್ತೆ ಮತ್ತೆ ಆಗಬೇಕು.

ಮಾಡುವುದು ಹೀಗೆ. ಕಾಡುವ ಸದ್ದೊಂದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ವಾಲ್ಯೂಮ್ ಬಟನ್ ನಿಮ್ಮ ಕೈಯಲ್ಲಿಯೇ ಇರಲಿ. ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ ಕೇಳಿ. ಎದೆಬಡಿತ ಇಳಿದ ಮೇಲೆ ನಿಲ್ಲಿಸಿ. ಅದೇ ಮಟ್ಟದಲ್ಲಿ ಬೇಸರ ಬರುವಷ್ಟು ದಿನ ಮಾಡಿ, ಆಮೇಲೆ ಒಂದು ಗೆರೆ ಹೆಚ್ಚಿಸಿ. ಕೊನೆಗೆ ನೀವೇ ಕುಕ್ಕರಿನ ಮುಂದೆ ನಿಂತು ಸೀಟಿ ಬರಿಸಿ. ಸದ್ದನ್ನು ಹುಟ್ಟಿಸುವವರು ನಾವೇ ಆದಾಗ ಅದರ ಹಿಡಿತ ಸಡಿಲವಾಗುತ್ತದೆ.

ಇದನ್ನು ಮನಸ್ಸು ಸ್ಥಿರವಾಗಿರುವಾಗ ಮಾತ್ರ, ಸಾಧ್ಯವಾದರೆ ಅರಿವಿನ ವರ್ತನಾ ಚಿಕಿತ್ಸೆ (ಆಲೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಮಾತಿನ ಮೂಲಕ ಕಲಿಸುವ ಸಿಬಿಟಿ) ಬಲ್ಲ ಮನಶ್ಶಾಸ್ತ್ರಜ್ಞರ ಮಾರ್ಗದರ್ಶನದಲ್ಲಿ ಮಾಡಿ. ಉನ್ಮಾದ, ಆಳವಾದ ಖಿನ್ನತೆಯ ನಡುವೆ ಬೇಡ. ಮಿಸೋಫೋನಿಯಾ ಇರುವವರಿಗೆ ಸುಮ್ಮನೆ ಅಗಿಯುವ ಸದ್ದು ಕೇಳಿಸಿದರೆ ಸಿಟ್ಟು ಇನ್ನಷ್ಟು ಬೇರೂರಬಹುದು, ಅವರು ತಜ್ಞರಿಲ್ಲದೆ ಇದಕ್ಕೆ ಕೈ ಹಾಕಬಾರದು. "ಅಭ್ಯಾಸ ಆಗಲಿ" ಎಂದು ಮನೆಯವರು ಹಿಂದಿನಿಂದ ಬಂದು ತಟ್ಟೆ ಬಡಿಯುವುದಂತೂ ಕ್ರೌರ್ಯ.

ತಡೆಯಲಾಗದ ಕ್ಷಣದಲ್ಲಿ

ದವಡೆ ಸಡಿಲ ಮಾಡಿ, ನಾಲಿಗೆಯನ್ನು ಕೆಳಗೆ ಬಿಡಿ. ಒಳಗೆಳೆದ ಉಸಿರಿಗಿಂತ ಹೊರಬಿಡುವ ಉಸಿರು ಉದ್ದವಾಗಿರಲಿ. ಸದ್ದಿನ ಹೆಸರು ಹೇಳಿ, ಅದು ಮುಗಿಯುವ ಹೊತ್ತನ್ನೂ ಹೇಳಿ: "ಇದು ಟೈಲ್ಸ್ ಕತ್ತರಿಸುವ ಯಂತ್ರ, ಊಟದ ಹೊತ್ತಿಗೆ ನಿಲ್ಲುತ್ತದೆ." ಆಗಲೂ ತಡೆಯದಿದ್ದರೆ ಎದ್ದು ಹೋಗಿ. ಹೋಗುವಾಗ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ. ನಾನು ಮಗಳ ಭುಜ ಮುಟ್ಟಿ ಹೊರಡುತ್ತೇನೆ. ತನ್ನ ಮೇಲೆ ಅಮ್ಮನಿಗೆ ಸಿಟ್ಟಿಲ್ಲ ಎಂದು ಅವಳಿಗೆ ಅದರಿಂದ ತಿಳಿಯುತ್ತದೆ.

ಸದ್ದು ಮುಗಿಸುವ ದಾರಿಯಾಗಿ ಸಾವಿನ ಯೋಚನೆ ಬಂದರೆ, ಯಾರಿಗಾದರೂ ಹೊಡೆದುಬಿಡುತ್ತೇನೆ ಎನ್ನಿಸಿದರೆ, 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಈಗಿಂದೀಗಲೇ ಅಪಾಯವಿದ್ದರೆ 112, ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ.

ಬೀದಿ, ಹಬ್ಬ, ಕಚೇರಿ

ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ ನೂರು ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು, ಅಲ್ಲಿ ಹಗಲು 50, ರಾತ್ರಿ 40. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ; ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶದಲ್ಲಿ ರಾತ್ರಿ ಸದ್ದು ಮಾಡುವ ಕಟ್ಟಡ ಯಂತ್ರಗಳಿಗೂ ತಡೆಯಿದೆ. ದೂರಿಗೆ 112. ಪದೇ ಪದೇ ಆಗುತ್ತಿದ್ದರೆ ದಿನಾಂಕ, ಹೊತ್ತು ಬರೆದು ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬೀದಿಯ ಇನ್ನೂ ಕೆಲವರ ಸಹಿ ಇದ್ದರೆ ಒಳ್ಳೆಯದು. ಅರ್ಜಿಯಲ್ಲಿ ನಿಮ್ಮ ಕಾಯಿಲೆಯ ವಿಷಯ ಬರೆಯಬೇಕಾಗಿಲ್ಲ, ನಿಯಮ ಎಲ್ಲರಿಗೂ ಇರುವಂಥದು.

ಹಗಲಿನ ಸದ್ದಿಗೆ ಮಾತೇ ಹೆಚ್ಚು ಫಲಕಾರಿ. ಸದ್ದು ನಡೆಯುತ್ತಿರುವಾಗ ಹೋಗಬೇಡಿ, ಮರುದಿನ ಹೋಗಿ. "ಗಲಾಟೆ ಮಾಡಬೇಡಿ" ಎನ್ನುವ ಬದಲು ಇಂಥದ್ದು ಎಂದು ಕೇಳಿ. ಪಕ್ಕದ ಸೈಟಿನ ಮೇಸ್ತ್ರಿಯನ್ನು ನಾನು ಕೇಳಿದ್ದು ಇಷ್ಟೇ: "ಕಲ್ಲು ಕತ್ತರಿಸುವುದು ಯಾವ ಹೊತ್ತಿಗೆ ಎಂದು ಹಿಂದಿನ ದಿನ ಹೇಳುತ್ತೀರಾ ಅಣ್ಣಾ?" ಅವರು ಹೇಳುತ್ತಿದ್ದರು, ನಾನು ಆ ಹೊತ್ತಿಗೆ ತರಕಾರಿಗೆ ಹೋಗುತ್ತಿದ್ದೆ.

ಗಣೇಶನ ಹಬ್ಬಕ್ಕೆ, ದೀಪಾವಳಿಗೆ ಮುಂಚಿತವಾಗಿ ಯೋಜನೆ ಬೇಕು. ಯಾವ ಕೋಣೆ, ಯಾವ ಹಿನ್ನೆಲೆ ಸದ್ದು, ಮಾತ್ರೆಯ ಹೊತ್ತು ತಪ್ಪದಂತೆ ಯಾರು ನೆನಪಿಸುತ್ತಾರೆ. ಮದುವೆಗೆ ಹೋದರೆ ಓಲಗದವರಿಂದ, ಸ್ಪೀಕರಿನಿಂದ ದೂರದ ಕುರ್ಚಿ ಹಿಡಿಯಿರಿ. ಗಟ್ಟಿಮೇಳದ ಹೊತ್ತಿಗೆ ಹೊರಗೆ ಬಂದು ನಿಂತು ಆಮೇಲೆ ಅಕ್ಷತೆ ಹಾಕಿದರೂ ಆಶೀರ್ವಾದ ತಲುಪುತ್ತದೆ.

ಕೆಲಸದ ಜಾಗದಲ್ಲಿ ಹೇಳಬೇಕೋ ಬೇಡವೋ ಎಂಬುದು ನಿಮ್ಮ ನಿರ್ಧಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸರ್ಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ಸೂಕ್ತ ಅನುಕೂಲ ಮಾಡಿಕೊಡಬೇಕು ಎಂದು ಅದು ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಹೇಳಿದೆ. ನಾನು ಕಾರ್ಯದರ್ಶಿಗಳಿಗೆ ಕೊಟ್ಟ ಪತ್ರದಲ್ಲಿ ಕಾಯಿಲೆಯ ಚರಿತ್ರೆ ಇರಲಿಲ್ಲ. ನೋಟು ಎಣಿಸುವ ಯಂತ್ರದ ಪಕ್ಕದಿಂದ ಒಳಗಿನ ಮೇಜಿಗೆ ಬದಲಿಸಬೇಕು, ಇದರಿಂದ ಲೆಕ್ಕದಲ್ಲಿ ತಪ್ಪು ಕಡಿಮೆಯಾಗುತ್ತದೆ, ಶ್ರವಣತಜ್ಞರ ಚೀಟಿ ಲಗತ್ತಿಸಿದೆ ಎಂದಷ್ಟೇ ಬರೆದಿದ್ದೆ. ಬದಲಿಸಿದರು.

ಮನೆಯವರಿಗೆ

"ಇಷ್ಟು ಸಣ್ಣ ಸದ್ದಿಗೆ ಹೀಗಾಡುತ್ತೀಯಾ?" ಎಂದು ಕೇಳಬೇಡಿ. ಅವರಿಗೆ ಅದು ಸಣ್ಣದಾಗಿ ಕೇಳಿಸಿಲ್ಲ. ಹಾಗೆಂದು ಇಡೀ ಮನೆ ಬೆರಳ ತುದಿಯಲ್ಲಿ ಓಡಾಡುವುದೂ ಬೇಡ. ಮಕ್ಕಳು ನಗಬೇಕು, ಅತ್ತೆ ಧಾರಾವಾಹಿ ನೋಡಬೇಕು, ಒಗ್ಗರಣೆ ಸಿಡಿಯಬೇಕು. ಎಲ್ಲರೂ ಬಾಯಿ ಕಟ್ಟಿಕೊಂಡ ಮನೆಯಲ್ಲಿ ಕಾಯಿಲೆಯವರಿಗೆ ಸದ್ದಿನ ಜೊತೆಗೆ ಅಪರಾಧಭಾವವೂ ಸೇರಿಕೊಳ್ಳುತ್ತದೆ, ಕಿವಿಯೂ ಇನ್ನಷ್ಟು ಸೂಕ್ಷ್ಮವಾಗುತ್ತದೆ. ನಮ್ಮಲ್ಲಿ ಧಾರಾವಾಹಿಗೆ ಸಂಜೆಯ ಒಂದು ಹೊತ್ತು, ಟಿವಿಗೆ ಒಂದು ವಾಲ್ಯೂಮ್ ಅಂಕಿ ಇದೆ. ರಿಮೋಟಿನ ಹಿಂದೆ ಮಗಳು ಅದನ್ನು ಬರೆದು ಅಂಟಿಸಿದ್ದಾಳೆ. ಅದಕ್ಕಿಂತ ಹೆಚ್ಚು ಬೇಕಾದ ದಿನ ಅತ್ತೆ ಹೇಳುತ್ತಾರೆ, ನಾನು ಬಾಗಿಲು ಹಾಕಿಕೊಂಡು ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಬಟ್ಟೆ ಮಡಿಸುತ್ತೇನೆ. ವೈದ್ಯರ ಭೇಟಿಗೆ ಒಮ್ಮೆಯಾದರೂ ಜೊತೆಗೆ ಹೋಗಿ, ನೀವು ಕಂಡದ್ದನ್ನು ಹೇಳಿ. ಹಳ್ಳಿಯಲ್ಲಿರುವವರು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಅಂಥ ಕ್ಲಿನಿಕ್ ನಡೆಸುವ ವ್ಯವಸ್ಥೆಯಿದೆ. ಹೋಗುವಾಗ ಆ ನಾಲ್ಕು ಅಂಕಣದ ಪುಸ್ತಕ, ಕಿವಿಯ ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನು ತೆಗೆದುಕೊಂಡು ಹೋಗಿ.